ಗೇರ್ ಹಾಕುವ ಗಣಕ

ಮಂಠಾಳದಿಂದ ಬಸವಕಲ್ಯಾಣಕ್ಕೆ ತೊಗರಿ ಚೀಲ ಹೇರಿಕೊಂಡು ಹೊರಟ ಪಿಕಪ್ ವಾಹನ ಏರು ಹತ್ತತೊಡಗಿದಾಗ ಚಾಲಕ ಏನು ಮಾಡುತ್ತಾನೆ? ಎಂಜಿನ್ನಿನ ದನಿ ಭಾರವಾಗುವುದನ್ನು ಕಿವಿಯಿಂದಲೇ ತಿಳಿಯುತ್ತಾನೆ. ಕ್ಲಚ್ ಒತ್ತಿ, ಗೇರ್ ಇಳಿಸಿ, ಕ್ಲಚ್ಚನ್ನು ಹದವಾಗಿ ಬಿಡುತ್ತಾನೆ. ಕಿವಿ, ಕೈ, ಕಾಲು ಸೇರಿ ಕ್ಷಣದಲ್ಲಿ ಮುಗಿಸುವ ಈ ಕೆಲಸವನ್ನು ಅವನು ಪುಸ್ತಕ ಓದಿ ಕಲಿತದ್ದಲ್ಲ, ರೂಢಿಯಿಂದ ಕಲಿತದ್ದು.

ಕ್ಲಚ್ ಪೆಡಲೇ ಇಲ್ಲದ ಸ್ವಯಂಚಾಲಿತ ಗೇರ್ ವಾಹನಗಳಲ್ಲಿ ಈ ಕೆಲಸವನ್ನು ಒಂದು ಪುಟ್ಟ ಗಣಕ ಮಾಡುತ್ತದೆ. ಕಾರುಗಳಲ್ಲಿ ಮೊದಲು ಬಂದ ಈ ವ್ಯವಸ್ಥೆ ಈಗ ಪಿಕಪ್‌ಗಳಿಗೂ ಬಂದಿದೆ. 2022ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಟೊಯೋಟಾ ಹೈಲಕ್ಸ್ ಇದಕ್ಕೆ ಉದಾಹರಣೆ. ಬೆಂಗಳೂರು ಬಳಿಯ ಬಿಡದಿಯ ಕಾರ್ಖಾನೆಯಿಂದ ಹೊರಬಂದ ಈ ವಾಹನದಲ್ಲಿ ಕೈಯಿಂದ ಹಾಕುವ ಗೇರ್ ಪೆಟ್ಟಿಗೆಯೂ ಉಂಟು, ಆರು ಗೇರಿನ ಸ್ವಯಂಚಾಲಿತ ಪೆಟ್ಟಿಗೆಯೂ ಉಂಟು. ಕಿವಿ, ಕಾಲುಗಳಿಲ್ಲದ ಗಣಕಕ್ಕೆ ಗೇರನ್ನು ಯಾವಾಗ ಬದಲಿಸಬೇಕು, ಎಷ್ಟು ಹದವಾಗಿ ಬದಲಿಸಬೇಕು ಎಂಬುದನ್ನು ಅಂಕಿಗಳಲ್ಲಿ ಹೇಳಿಕೊಡುವುದೇ ‘ಟ್ಯೂನಿಂಗ್’.

ಎಣ್ಣೆಯ ಗಾಳಿ

ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರಾಗಿ ಇಟ್ಟು ಒಂದನ್ನು ಮಾತ್ರ ಚಾಲೂ ಮಾಡಿದರೆ, ಅದರ ಗಾಳಿಗೆ ಇನ್ನೊಂದರ ರೆಕ್ಕೆಯೂ ತಿರುಗುತ್ತದೆ. ಎಂಜಿನ್ ಮತ್ತು ಗೇರ್ ಪೆಟ್ಟಿಗೆಯ ನಡುವೆ ಇರುವ ಟಾರ್ಕ್ ಕನ್ವರ್ಟರ್ ಹೀಗೆಯೇ ಕೆಲಸ ಮಾಡುತ್ತದೆ. ಅಲ್ಲಿ ಗಾಳಿಯ ಬದಲು ಎಣ್ಣೆ ಇರುತ್ತದೆ. ನಡುವೆ ಇರುವ ಮೂರನೆಯ ರೆಕ್ಕೆಚಕ್ರ ಎಣ್ಣೆಯ ದಿಕ್ಕನ್ನು ತಿರುಗಿಸುವುದರಿಂದ, ವಾಹನ ನಿಂತಲ್ಲಿಂದ ಹೊರಡುವಾಗ ಎಂಜಿನ್ನಿನ ತಿರುಚುಬಲ ಸುಮಾರು ಎರಡು ಪಟ್ಟಾಗಿ ಗೇರ್ ಪೆಟ್ಟಿಗೆಗೆ ತಲುಪುತ್ತದೆ.

ಒಳಗಿನ ಗೇರ್ ಚಕ್ರಗಳ ಹಲ್ಲುಗಳು ಸದಾ ಒಂದಕ್ಕೊಂದು ಕೂಡಿಕೊಂಡೇ ಇರುತ್ತವೆ. ಯಾವ ಚಕ್ರ ತಿರುಗಬೇಕು, ಯಾವುದು ನಿಲ್ಲಬೇಕು ಎಂಬುದನ್ನು ಎಣ್ಣೆಯ ಒತ್ತಡದಿಂದ ಬಿಗಿಯುವ ಕ್ಲಚ್ ತಟ್ಟೆಗಳು ತೀರ್ಮಾನಿಸುತ್ತವೆ. ಒಂದು ಕ್ಲಚ್ ಸಡಿಲವಾಗುತ್ತಿದ್ದಂತೆ ಇನ್ನೊಂದು ಬಿಗಿಯಾದರೆ ಗೇರ್ ಬದಲಾಯಿತೆಂದೇ ಅರ್ಥ.

ಈ ಬಗೆಯ ಪೆಟ್ಟಿಗೆ ಹೊಸದೇನಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ‘ಹೈಡ್ರಾಮ್ಯಾಟಿಕ್’ ಎಂಬ ಸ್ವಯಂಚಾಲಿತ ಗೇರ್ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದಿತ್ತು. ಆಗ ಗಣಕವಿರಲಿಲ್ಲ. ವಾಹನದ ವೇಗಕ್ಕೆ ತಕ್ಕ ಎಣ್ಣೆಯ ಒತ್ತಡ ಒಂದು ಕಡೆಯಿಂದ, ಆಕ್ಸಿಲರೇಟರ್ ತುಳಿತಕ್ಕೆ ತಕ್ಕ ಒತ್ತಡ ಇನ್ನೊಂದು ಕಡೆಯಿಂದ ಕವಾಟವನ್ನು ತಳ್ಳುತ್ತಿದ್ದವು. ಗೆದ್ದದ್ದು ಯಾವುದೋ ಅದರಂತೆ ಗೇರ್! ಇಂದು ಕವಾಟಗಳ ಬಳಿ ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತಗಳಿವೆ. ಶಾಫ್ಟುಗಳ ವೇಗ, ಪೆಡಲಿನ ತುಳಿತ, ಎಣ್ಣೆಯ ಉಷ್ಣತೆ ಇವನ್ನೆಲ್ಲ ಸೆನ್ಸರುಗಳು ಅಳೆದು ತಿಳಿಸುತ್ತವೆ. ಗಣಕ ತನ್ನ ಸ್ಮರಣೆಯಲ್ಲಿರುವ ಕೋಷ್ಟಕ ನೋಡಿ ಸೊಲೆನಾಯ್ಡುಗಳಿಗೆ ಆಜ್ಞೆ ಕೊಡುತ್ತದೆ.

ಏರಿಕೆಗೊಂದು, ಇಳಿಕೆಗೊಂದು

ಈ ಕೋಷ್ಟಕದ ಮೊದಲ ಪಾಠ ಸ್ವಾರಸ್ಯಕರ. ಅರ್ಧ ಪೆಡಲ್ ತುಳಿದಾಗ ಗಂಟೆಗೆ 40 ಕಿ.ಮೀ. ವೇಗದಲ್ಲಿ ಎರಡರಿಂದ ಮೂರಕ್ಕೆ ಏರಬೇಕು ಎಂದಿಟ್ಟುಕೊಳ್ಳಿ. ಮೂರರಿಂದ ಎರಡಕ್ಕೆ ಇಳಿಯುವುದೂ 40ರಲ್ಲೇ ಆದರೆ? ಏರಿನಲ್ಲಿ ವೇಗ 39, 41 ಎಂದು ಅತ್ತಿತ್ತ ಆಡುವಾಗ ಗೇರು ಏರುತ್ತ, ಇಳಿಯುತ್ತ ತೊಳಲಾಡುತ್ತದೆ. ಅದಕ್ಕಾಗಿ ಇಳಿಯುವ ವೇಗವನ್ನು 30ಕ್ಕೆ ಇಡುತ್ತಾರೆ. ಇಸ್ತ್ರಿ ಪೆಟ್ಟಿಗೆಯ ಥರ್ಮೋಸ್ಟಾಟ್ ಆರುವ ಉಷ್ಣತೆಯೂ ಮತ್ತೆ ಹತ್ತುವ ಉಷ್ಣತೆಯೂ ಬೇರೆ ಬೇರೆಯಾಗಿರುವುದು ಇದೇ ಕಾರಣಕ್ಕೆ.

ಖಾಲಿ ಗಾಡಿಗೆ ಸರಿಹೋಗುವ ಕೋಷ್ಟಕ ತುಂಬಿದ ಗಾಡಿಗೆ ಸರಿಹೋಗದು. ಭಾರವಿದ್ದಾಗ ಕೆಳಗಿನ ಗೇರಿನಲ್ಲಿ ಹೆಚ್ಚು ಹೊತ್ತು ಇರಬೇಕು. ಹಲವು ವಾಹನಗಳಲ್ಲಿರುವ ‘ಪವರ್ ಮೋಡ್’ ಗುಂಡಿಯ ಒಂದು ಕೆಲಸವೇ ಇದು. ಟೈರ್ ಬದಲಿಸಿದರೂ ಲೆಕ್ಕ ತಪ್ಪುತ್ತದೆ. ಶೇ. 5ರಷ್ಟು ದೊಡ್ಡ ವ್ಯಾಸದ ಟೈರ್ ಹಾಕಿದರೆ ಗಾಡಿ 60ರಲ್ಲಿ ಓಡುವಾಗ ಗಣಕ 57 ಎಂದೇ ತಿಳಿಯುತ್ತದೆ, ಗೇರನ್ನೂ ತಡವಾಗಿ ಏರಿಸುತ್ತದೆ.

ಹಿತವೋ, ಆಯುಷ್ಯವೋ?

ಎರಡನೆಯ ಪಾಠ ಇನ್ನೂ ಮುಖ್ಯ. ಗೇರ್ ಬದಲಾದದ್ದು ಗೊತ್ತೇ ಆಗದಷ್ಟು ಮೆತ್ತಗಿದ್ದರೆ ಅದೇ ಒಳ್ಳೆಯ ಪೆಟ್ಟಿಗೆ ಎಂಬುದು ಸಾಮಾನ್ಯ ನಂಬಿಕೆ. ಹತ್ತನೆಯ ತರಗತಿಯ ಗಣಿತ ಬಲ್ಲವರು ಇದನ್ನು ಪರೀಕ್ಷಿಸಬಹುದು.

ಬಿಗಿಯಾಗುತ್ತಿರುವ ಕ್ಲಚ್ 300 ನ್ಯೂಟನ್ ಮೀಟರ್ ತಿರುಚುಬಲ ಹೊತ್ತಿದೆ ಎನ್ನೋಣ. ಅದರ ತಟ್ಟೆಗಳ ನಡುವಿನ ವೇಗದ ಅಂತರ ಮೊದಲಿಗೆ ನಿಮಿಷಕ್ಕೆ 1000 ಸುತ್ತು, ಅಂದರೆ ಸೆಕೆಂಡಿಗೆ ಸುಮಾರು 105 ರೇಡಿಯನ್. ಈ ಅಂತರ ಅರ್ಧ ಸೆಕೆಂಡಿನಲ್ಲಿ ಒಂದೇ ಸಮನೆ ಸೊನ್ನೆಗೆ ಇಳಿದರೆ, ಜಾರುವಿಕೆಯಿಂದ ಹುಟ್ಟುವ ಶಾಖ 300 × 105 × 0.5 ÷ 2, ಅಂದರೆ 7,875 ಜೂಲ್. 100 ಗ್ರಾಂ ನೀರನ್ನು ಸುಮಾರು 19 ಡಿಗ್ರಿ ಬಿಸಿ ಮಾಡಲು ಇಷ್ಟು ಸಾಕು. ಇನ್ನಷ್ಟು ಹಿತವಾಗಲೆಂದು ಅದೇ ಬದಲಾವಣೆಯನ್ನು ಒಂದು ಸೆಕೆಂಡಿಗೆ ಎಳೆದರೆ ಶಾಖ 15,750 ಜೂಲ್, ಸರಿಯಾಗಿ ಎರಡು ಪಟ್ಟು! ಹಾಫ್ ಕ್ಲಚ್ಚಿನಲ್ಲಿ ಗಾಡಿ ನಿಲ್ಲಿಸಿದಾಗ ಮೂಗಿಗೆ ಬಡಿಯುವ ಸುಟ್ಟ ವಾಸನೆಯ ಹಿಂದೆ ಇರುವುದೂ ಇದೇ ಗುಣಾಕಾರ.

ಹಾಗೆಂದು ಒತ್ತಡ ಹೆಚ್ಚಿಸಿ ಥಟ್ಟನೆ ಬಿಗಿದರೆ ಜರ್ಕ್ ಹೊಡೆಯುತ್ತದೆ. ಪೆಟ್ಟು ಶಾಫ್ಟಿಗೂ ಅದರ ಕ್ರಾಸ್ ಬೇರಿಂಗಿಗೂ ಬೀಳುತ್ತದೆ. ಮೆತ್ತಗಾದರೆ ತಟ್ಟೆ ಸುಡುತ್ತದೆ, ಗಡುಸಾದರೆ ಶಾಫ್ಟ್ ನೋಯುತ್ತದೆ. ಈ ಎರಡರ ನಡುವಿನ ಹದ ಹುಡುಕುವುದೇ ಟ್ಯೂನಿಂಗ್. ಗಣಕಕ್ಕೆ ಇನ್ನೊಂದು ಉಪಾಯವೂ ಗೊತ್ತು: ಗೇರ್ ಬದಲಾಗುವ ಆ ಕ್ಷಣ ಮಾತ್ರ ಎಂಜಿನ್ನಿನ ಬಲವನ್ನು ತಗ್ಗಿಸುವುದು. ನುರಿತ ಚಾಲಕ ಗೇರ್ ಹಾಕುವಾಗ ಆಕ್ಸಿಲರೇಟರಿನಿಂದ ಕಾಲು ಸಡಿಲಿಸುವುದೂ ಇದಕ್ಕೇ ಅಲ್ಲವೇ? ತಟ್ಟೆಗಳು ಸವೆದಂತೆ ಬದಲಾವಣೆಗೆ ಹಿಡಿಯುವ ಸಮಯವನ್ನು ಅಳೆದು, ಒತ್ತಡವನ್ನು ತಾನೇ ತಿದ್ದಿಕೊಳ್ಳುವ ಗುಣವೂ ಅನೇಕ ಗಣಕಗಳಿಗಿದೆ.

ಮೇಲೆ ಹೇಳಿದ ಹೈಲಕ್ಸ್ ಇಲ್ಲಿ ಮತ್ತೆ ನೆನಪಾಗಬೇಕು. ಅದರ ಎರಡೂ ಮಾದರಿಗಳಲ್ಲಿ ಇರುವುದು ಅದೇ 2.8 ಲೀಟರ್ ಡೀಸೆಲ್ ಎಂಜಿನ್. ಆದರೆ ಕೈ ಗೇರಿನ ಮಾದರಿಯಲ್ಲಿ ಗರಿಷ್ಠ ತಿರುಚುಬಲ 420 ನ್ಯೂಟನ್ ಮೀಟರ್, ಸ್ವಯಂಚಾಲಿತ ಮಾದರಿಯಲ್ಲಿ 500. ಎಂಜಿನ್ನೂ ಗೇರ್ ಪೆಟ್ಟಿಗೆಯೂ ಜೋಡಿಯಾಗಿಯೇ ಲೆಕ್ಕಕ್ಕೆ ಬರುತ್ತವೆ ಎಂಬುದನ್ನು ಇದು ತೋರಿಸುತ್ತದೆ. ಇದನ್ನು ಮರೆತು, ಎಳೆತ ಹೆಚ್ಚಲಿ ಎಂದು ಎಂಜಿನ್ನಿನ ಗಣಕವನ್ನಷ್ಟೇ ತಿದ್ದಿಸಿಕೊಳ್ಳುವವರಿದ್ದಾರೆ. ಕ್ಲಚ್ಚಿನ ಒತ್ತಡ ಮೊದಲಿನಷ್ಟೇ ಉಳಿದು ಬಲ ಮಾತ್ರ ಏರಿದರೆ ತಟ್ಟೆ ಜಾರುತ್ತದೆ, ಎಣ್ಣೆ ಕಪ್ಪಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬೀದರ್, ಕಲಬುರಗಿ ಸೀಮೆಯಲ್ಲಿ ಭಾರ ಹೊತ್ತ ಗಾಡಿಗೆ ಎಣ್ಣೆ ತಂಪಾಗಿರುವುದೇ ಕಷ್ಟ. ಪೆಟ್ಟಿಗೆ ಕೆಟ್ಟರೆ ವಾರಂಟಿಯೂ ಕೈಬಿಡಬಹುದು. ಬಾಡಿಗೆಯ ದುಡಿಮೆಯಿಂದ ಸಾಲದ ಕಂತು ಕಟ್ಟುವ ಕುಟುಂಬಕ್ಕೆ ಇದು ಸಣ್ಣ ಪೆಟ್ಟಲ್ಲ.

ಸ್ಪ್ಯಾನರಿನ ಜೊತೆಗೆ ಗ್ರಾಫ್ ಹಾಳೆ

ಹುಮನಾಬಾದ್ ಹಾದು ಹೋಗುವ ಪುಣೆ–ಹೈದರಾಬಾದ್ ಹೆದ್ದಾರಿಯ ವಾಹನಗಳನ್ನು ನಂಬಿ ಈ ಸೀಮೆಯಲ್ಲಿ ಅನೇಕ ಗ್ಯಾರೇಜುಗಳು ಬದುಕಿವೆ. ಬಸವಕಲ್ಯಾಣದ ಆಟೊ ನಗರವಂತೂ ಲಾರಿ ಕೆಲಸಕ್ಕೆ ಹೆಸರಾದದ್ದು. ಅಲ್ಲಿನ ಹಿರಿಯ ಮೇಸ್ತ್ರಿಗಳು ದನಿ ಕೇಳಿಯೇ ರೋಗ ಹೇಳಬಲ್ಲರು. ಆ ಕಿವಿ ಮುಂದೆಯೂ ಬೇಕು. ಆದರೆ ಸ್ಕ್ಯಾನರ್ ಜೋಡಿಸಿದಾಗ ಪರದೆಯ ಮೇಲೆ ಬರುವುದು ದನಿಯಲ್ಲ. ಸುತ್ತು, ಒತ್ತಡ, ಉಷ್ಣತೆ, ಸಮಯದ ಅಂಕಿಗಳು. ಅವನ್ನು ಓದಲಾರದವನು ಕೆಡದ ಭಾಗವನ್ನೂ ಬಿಚ್ಚುತ್ತಾನೆ, ಅದರ ಖರ್ಚು ಗಾಡಿಯ ಮಾಲೀಕನ ತಲೆಗೆ ಬರುತ್ತದೆ.

‘ಓದು ಹತ್ತಲಿಲ್ಲ, ಗ್ಯಾರೇಜಿಗೆ ಹಾಕಿದರಾಯಿತು’ ಎಂಬ ಮಾತು ಪಾಲಕರ ಬಾಯಲ್ಲಿ ಈಗಲೂ ಕೇಳಿಬರುತ್ತದೆ. ಗ್ಯಾರೇಜಿನ ಕೆಲಸ ಕೀಳಲ್ಲ. ಓದು ಬೇಡದ ಕೆಲಸವಾಗಿಯೂ ಅದು ಉಳಿದಿಲ್ಲ. ಅನುಪಾತ, ವೃತ್ತದ ಪರಿಧಿ, ಗ್ರಾಫ್, ಶಾಖದ ಲೆಕ್ಕ ಇಷ್ಟನ್ನು ಗಟ್ಟಿಯಾಗಿ ಕಲಿತು, ಐಟಿಐ ಮುಗಿಸಿ, ಬಳಿಕ ಮೇಸ್ತ್ರಿಯ ಕೈಕೆಳಗೆ ನಾಲ್ಕು ವರ್ಷ ಕೈ ಕಪ್ಪು ಮಾಡಿಕೊಂಡ ಹುಡುಗನಿಗೆ ಊರು ಬಿಡದೆಯೇ ಕೆಲಸ ಸಿಕ್ಕೀತು. ಪಾಠದ ಕೊನೆಗೆ ಬರುವ ‘ಗ್ರಾಫ್ ಎಳೆಯಿರಿ’ ಎಂಬ ಪ್ರಶ್ನೆಯನ್ನು ಅವನು ಬಿಟ್ಟು ಮುಂದೆ ಹೋಗದಂತೆ ಮನೆಯವರು ನೋಡಿಕೊಂಡರೆ ಸಾಕು.