ಉರಿ ತಿಳಿಯದವರ ಉರಿಮೂತ್ರ

ಮೂತ್ರದ ಸೋಂಕು ತಗಲಿದರೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉರಿ, ಕಿಬ್ಬೊಟ್ಟೆಯ ನೋವು, ಪದೇ ಪದೇ ಹೋಗಬೇಕೆಂಬ ಅವಸರ ತಾವಾಗಿಯೇ ತಿಳಿಸುತ್ತವೆ. ಆದರೆ ಉರಿಯೇ ಗೊತ್ತಾಗದವರ ಗತಿಯೇನು?

ಮರದಿಂದ ಬಿದ್ದೋ, ರಸ್ತೆ ಅಪಘಾತಕ್ಕೆ ಸಿಕ್ಕಿಯೋ ಬೆನ್ನುಹುರಿಗೆ ಪೆಟ್ಟಾದ ಅನೇಕರ ಕಷ್ಟ ಇದು. ಮೂತ್ರಕೋಶ ಮತ್ತು ಮಿದುಳಿನ ನಡುವಿನ ಸುದ್ದಿ ಬೆನ್ನುಹುರಿಯ ಮೂಲಕವೇ ಸಾಗಬೇಕು. ಆ ದಾರಿ ಕಡಿದರೆ ಮೂತ್ರಕೋಶ ತುಂಬಿದ್ದು ತಿಳಿಯುವುದಿಲ್ಲ, ಪೂರ್ತಿ ಖಾಲಿಯೂ ಆಗುವುದಿಲ್ಲ. ಒಳಗೆ ನಿಂತ ಮೂತ್ರದಲ್ಲಿ ಬ್ಯಾಕ್ಟೀರಿಯ ಬೆಳೆಯುತ್ತವೆ. ಮೊದಲನೆಯ ಮಹಾಯುದ್ಧದಲ್ಲಿ ಇಂಥ ಗಾಯಾಳುಗಳಲ್ಲಿ ಹೆಚ್ಚಿನವರು ಮೂತ್ರದ ಸೋಂಕಿಗೆ, ಹಾಸಿಗೆ ಹುಣ್ಣಿಗೆ ಬಲಿಯಾದರು. 1972ರಲ್ಲಿ ಅಮೆರಿಕದ ಡಾ. ಜಾಕ್ ಲ್ಯಾಪಿಡೀಸ್, ರೋಗಿಯೇ ಶುಚಿಯಾದ ಕೊಳವೆಯಿಂದ ದಿನಕ್ಕೆ ಹಲವು ಬಾರಿ ಮೂತ್ರ ತೆಗೆದುಕೊಳ್ಳುವ ಸರಳ ವಿಧಾನವನ್ನು ಮುಂದಿಟ್ಟರು. ಇದರಿಂದ ಎಷ್ಟೋ ಜನರ ಮೂತ್ರಪಿಂಡ ಉಳಿಯಿತು. ಸೋಂಕಿನ ಕಾಟ ಮಾತ್ರ ಪೂರ್ತಿ ತಪ್ಪಲಿಲ್ಲ.

ಯಾವ ಚಿಕಿತ್ಸೆ ಮೇಲು ಎಂದು ತಿಳಿಯಲು ಸಂಶೋಧಕರು ಸೋಂಕುಗಳನ್ನು ಎಣಿಸಬೇಕು. ಪ್ರಯೋಗಾಲಯದ ವರದಿಯೊಂದೇ ಸಾಲದೆ? ಸಾಲದು. ಕೊಳವೆ ಬಳಸುವವರ ಮೂತ್ರದಲ್ಲಿ ಬ್ಯಾಕ್ಟೀರಿಯ ಇರುವುದು ತೀರ ಸಾಮಾನ್ಯ. ಅವು ತೊಂದರೆ ಕೊಡದಿದ್ದರೆ ಸಾಮಾನ್ಯವಾಗಿ ಔಷಧಿ ಬೇಕಿಲ್ಲ. ಕಂಡಾಗಲೆಲ್ಲ ಆ್ಯಂಟಿಬಯೋಟಿಕ್ ಕೊಟ್ಟರೆ, ನಿಜವಾಗಿ ಬೇಕಾದ ದಿನ ಅದು ನಾಟದೆ ಹೋಗಬಹುದು. ಆದ್ದರಿಂದ ವರದಿಯ ಜೊತೆಗೆ ರೋಗಲಕ್ಷಣವೂ ಬೇಕು.

ಆದರೆ ಯಾವ ಲಕ್ಷಣ? ಒಬ್ಬ ಸಂಶೋಧಕ ಜ್ವರವನ್ನು, ಮತ್ತೊಬ್ಬ ಮೂತ್ರದ ವಾಸನೆಯನ್ನು ಲೆಕ್ಕಕ್ಕೆ ಹಿಡಿದರೆ ಇಬ್ಬರ ಫಲಿತಾಂಶ ಹೋಲಿಸುವುದು ಹೇಗೆ? ಇದಕ್ಕಾಗಿಯೇ ಬೆನ್ನುಹುರಿ ತಜ್ಞರು 2013ರಲ್ಲಿ ಎಲ್ಲ ದೇಶಗಳಿಗೂ ಹೊಂದುವ ಒಂದು ನಮೂನೆಯನ್ನು ಪ್ರಕಟಿಸಿದರು. ಲಕ್ಷಣ ಎಷ್ಟು ದಿನದಿಂದ ಇದೆ ಎಂಬುದನ್ನು ಅದರಲ್ಲಿ ಗುರುತಿಸಬೇಕು. ಜ್ವರ, ಆಯಾಸ, ಕದಡಿದ ಮೂತ್ರ, ದುರ್ವಾಸನೆ, ಮೂತ್ರ ಸೋರುವುದು, ಬೆನ್ನುನೋವು, ಕೈಕಾಲುಗಳ ಸೆಡೆತ ಹೆಚ್ಚುವುದು ಇವನ್ನೆಲ್ಲ ಬೇರೆ ಬೇರೆಯಾಗಿ ಬರೆಯಬೇಕು. ರಕ್ತದೊತ್ತಡ ಹಠಾತ್ತನೆ ಏರುವುದೂ ಪಟ್ಟಿಯಲ್ಲಿದೆ. ಎದೆಯ ನಡುಭಾಗಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಇದು ಪ್ರಾಣಕ್ಕೇ ಅಪಾಯ.

ಪ್ರತಿಯೊಂದನ್ನೂ ಬೇರೆಯಾಗಿ ಏಕೆ ಬರೆಯಬೇಕು? ಕೊಳವೆ ಬಳಸುವವರ ಬಗ್ಗೆ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೋಡಿ. ಸೋಂಕು ಇದ್ದಾಗ ಜ್ವರ ಕಂಡದ್ದು ನೂರಕ್ಕೆ ಸುಮಾರು 7 ಸಲ ಮಾತ್ರ. ‘ನನಗೆ ಸೋಂಕಿಲ್ಲ’ ಎಂದು ರೋಗಿ ಹೇಳಿದಾಗ ನೂರಕ್ಕೆ 83 ಸಲ ಅದು ನಿಜವಾಗಿತ್ತು. ‘ಸೋಂಕಿದೆ’ ಎಂದಾಗ ನಿಜವಾದದ್ದು ಸುಮಾರು 33 ಸಲ.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದದ್ದಿದೆ. ‘ಸೋಂಕಾಗಿದೆ’ ಎಂಬುದು ತೀರ್ಮಾನ. ‘ಮಂಗಳವಾರದಿಂದ ಮೂತ್ರ ಕದಡಿದೆ, ರಾತ್ರಿ ಕಾಲಿನ ಸೆಡೆತ ಹೆಚ್ಚಿತು’ ಎಂಬುದು ದಾಖಲೆ. ಪ್ರಯೋಗದ ಪುಸ್ತಕದಲ್ಲೂ ಮೊದಲು ಕಂಡದ್ದನ್ನು ಬರೆಯಿರಿ, ತೀರ್ಮಾನ ಆಮೇಲೆ.

ಮನೆಯಲ್ಲಿ ಬೆನ್ನುಹುರಿಗೆ ಪೆಟ್ಟಾದವರಿದ್ದರೆ ತಂದೆತಾಯಿಯರೂ ಹೀಗೆಯೇ ದಿನಾಂಕ ಹಾಕಿ ಬರೆದಿಟ್ಟು ವೈದ್ಯರಿಗೆ ತೋರಿಸಬಹುದು. ಹಳೆಯ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋಗುವುದು ಬೇಡ. ಸಿಡಿಯುವಂಥ ತಲೆನೋವು, ಮುಖ ಕೆಂಪೇರಿ ಬೆವರುವುದು ಕಂಡರೆ ಮಾತ್ರ ಬರೆಯುತ್ತ ಕೂರಬೇಡಿ. ಅವರನ್ನು ನೆಟ್ಟಗೆ ಕೂರಿಸಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.