ಮಕ್ಕಳ ಮೈಗೂ ತಾಲೀಮು ಬೇಕಲ್ಲವೇ?

ಬೇಸಿಗೆ ರಜೆ ಸಮೀಪಿಸುತ್ತಿದ್ದಂತೆ ನಮ್ಮ ನಗರಗಳ ಗೋಡೆ, ಕಂಬಗಳಲ್ಲಿ ಮಕ್ಕಳ ಶಿಬಿರಗಳ ಜಾಹೀರಾತುಗಳು ಕಾಣಿಸಿಕೊಳ್ಳುತ್ತವೆ. ಈಜು, ಕರಾಟೆ, ಸ್ಕೇಟಿಂಗ್‌ಗಳ ಜೊತೆಗೆ ಇತ್ತೀಚಿನ ವರ್ಷಗಳಲ್ಲಿ ಜಿಮ್ನಾಸ್ಟಿಕ್ಸ್ ಎಂಬ ಹೆಸರೂ ಸೇರಿಕೊಂಡಿದೆ. ಬೆಂಗಳೂರಿನಲ್ಲಂತೂ ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಪುಟಾಣಿಗಳಿಗೂ ಇದರ ತರಗತಿಗಳಿವೆ. ಶುಲ್ಕ ಕೊಡಬಲ್ಲವರ ಮಕ್ಕಳು ಮೆತ್ತನೆಯ ಹಾಸಿನ ಮೇಲೆ ಪಲ್ಟಿ ಹೊಡೆಯುತ್ತಾರೆ. ಉಳಿದವರು ಇದನ್ನು ಶ್ರೀಮಂತರ ಶೋಕಿ ಎಂದು ತಳ್ಳಿ ಹಾಕುತ್ತಾರೆ. ಇದು ಶೋಕಿಯಲ್ಲ, ಪ್ರತಿ ಮಗುವಿಗೂ ಅಕ್ಷರದಷ್ಟೇ ಅಗತ್ಯವಾದ ಶಿಕ್ಷಣ ಎಂಬುದು ನಮ್ಮ ಅಭಿಪ್ರಾಯ. ಅದರಲ್ಲೂ ನಮ್ಮ ಹೆಣ್ಣು ಮಕ್ಕಳ ಮಟ್ಟಿಗೆ ಇದು ಇನ್ನಷ್ಟು ತುರ್ತಿನ ವಿಷಯ.

ತುಮಕೂರು ನಗರದ ಮರಳೂರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಒಂದೆಡೆ ಶ್ರೀ ಸಿದ್ಧಾರ್ಥ ತಾಂತ್ರಿಕ ಮಹಾವಿದ್ಯಾಲಯದಂತಹ ದೊಡ್ಡ ಇಂಜಿನಿಯರಿಂಗ್ ಕಾಲೇಜು, ಇನ್ನೊಂದೆಡೆ ಮರಳೂರು ಕೆರೆ, ಉಳಿದಂತೆ ದಿನೇ ದಿನೇ ಒತ್ತೊತ್ತಾಗುತ್ತಿರುವ ಮನೆಗಳು. ಊರಿನ ಹೊರಗಿದ್ದ ಹಳ್ಳಿ ನಗರದ ಬಡಾವಣೆಯಾಗಿ ಬದಲಾದಾಗ ಹಿರಿಯರಿಗೆ ನಿವೇಶನದ ಬೆಲೆ ಏರುತ್ತದೆ. ಮಕ್ಕಳು ಮಾತ್ರ ಹತ್ತುತ್ತಿದ್ದ ಹುಣಸೆ ಮರ, ಜೋತು ಬೀಳುತ್ತಿದ್ದ ಆಲದ ಬಿಳಲು, ಉರುಳಾಡುತ್ತಿದ್ದ ಹುಲ್ಲಿನ ಬಣವೆ, ಹಾರಿ ದಾಟುತ್ತಿದ್ದ ಬದು ಎಲ್ಲವನ್ನೂ ಕಳೆದುಕೊಳ್ಳುತ್ತಾರೆ. ಖಾಲಿ ನಿವೇಶನ ಇರುವಷ್ಟು ದಿನ ಹುಡುಗರಿಗೆ ಕ್ರಿಕೆಟ್ ಇರುತ್ತದೆ. ಅಲ್ಲಿ ಪಾಯ ತೋಡಿದ ಮರುದಿನದಿಂದ ಅದೂ ಇಲ್ಲ. ಹುಡುಗಿಯರಿಗೆ ಅದು ಮೊದಲೂ ಇರಲಿಲ್ಲ.

ಇಂತಹ ಬಡಾವಣೆಯ ಮಗುವಿನ ಒಂದು ದಿನವನ್ನು ಗಮನಿಸಿ. ಅದು ಬೆಳಗ್ಗೆ ಮದ್ರಸದಲ್ಲಿ ಕೂರುತ್ತದೆ. ಅಲ್ಲಿಂದ ಶಾಲೆಗೆ ಹೋಗಿ ಕೂರುತ್ತದೆ. ಸಂಜೆ ಟ್ಯೂಷನ್ನಿನಲ್ಲಿ ಕೂರುತ್ತದೆ. ಮನೆಗೆ ಬಂದು ಮೊಬೈಲ್ ಹಿಡಿದು ಕೂರುತ್ತದೆ. ಇಷ್ಟಾದ ಮೇಲೆ, 'ನಮ್ಮ ಮಗು ಬಹಳ ಶಾಂತ, ಎದ್ದು ಓಡಾಡುವುದೇ ಇಲ್ಲ' ಎಂದು ನಾವು ಮೆಚ್ಚಿಕೊಳ್ಳುತ್ತೇವೆ. 5ರಿಂದ 17 ವರ್ಷದೊಳಗಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಬಿರುಸಾಗುವಂತಹ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ವಾರದಲ್ಲಿ ಕನಿಷ್ಠ ಮೂರು ದಿನ ಸ್ನಾಯು ಮತ್ತು ಎಲುಬುಗಳನ್ನು ಬಲಪಡಿಸುವ ವ್ಯಾಯಾಮವೂ ಅದರಲ್ಲಿ ಸೇರಿರಬೇಕು. ನಮ್ಮ ಮೊಹಲ್ಲಾಗಳ ಎಷ್ಟು ಮಕ್ಕಳಿಗೆ ಈ ಒಂದು ಗಂಟೆ ಸಿಗುತ್ತಿದೆ? ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವು 2023ರಲ್ಲಿ ತಿಳಿಸಿದಾಗ ನಾವೆಲ್ಲ ಬೆಚ್ಚಿ ಬಿದ್ದೆವು. ಆ ಕಾಯಿಲೆಯ ಬೀಜ ಎಲ್ಲಿ ಬಿತ್ತನೆಯಾಗುತ್ತದೆ ಎಂದು ಯೋಚಿಸುವ ಗೋಜಿಗೆ ಮಾತ್ರ ಹೋಗಲಿಲ್ಲ.

ಜಿಮ್ನಾಸ್ಟಿಕ್ಸ್ ಎಂದೊಡನೆ ನಮ್ಮ ಕಣ್ಣ ಮುಂದೆ ಒಲಿಂಪಿಕ್ಸ್ ಬರುತ್ತದೆ. ಗಾಳಿಯಲ್ಲಿ ತಿರುಗುವ, ಮೈ ಝುಮ್ಮೆನಿಸುವ ಸಾಹಸಗಳು ಬರುತ್ತವೆ. ಮಕ್ಕಳ ತರಗತಿಗೂ ಅದಕ್ಕೂ ಇರುವ ಸಂಬಂಧ ಒಂದನೇ ತರಗತಿಯ ಕಾಗುಣಿತಕ್ಕೂ ಮಹಾಕಾವ್ಯಕ್ಕೂ ಇರುವಷ್ಟೇ. ಮುಂದಕ್ಕೆ ಉರುಳುವುದು, ಹಿಂದಕ್ಕೆ ಉರುಳುವುದು, ಕೈಗಳ ಮೇಲೆ ಭಾರ ಹೊರುವುದು, ಸರಳಿಗೆ ಜೋತು ಬೀಳುವುದು, ನೆಲದಲ್ಲಿಟ್ಟ ಕಿರಿದಾದ ದಿಮ್ಮಿಯ ಮೇಲೆ ನಡೆಯುವುದು, ಜಿಗಿಯುವುದು, ಜಿಗಿದ ಮೇಲೆ ಮೊಣಕಾಲು ಬಗ್ಗಿಸಿ ಸದ್ದಿಲ್ಲದೆ ಇಳಿಯುವುದು - ಪ್ರಾಥಮಿಕ ಹಂತದಲ್ಲಿ ಮುಖ್ಯವಾಗಿ ಇರುವುದು ಇಷ್ಟೇ. ಹುಣಸೆ ಮರ ಮತ್ತು ಬಣವೆ ಪುಕ್ಕಟೆಯಾಗಿ ಕಲಿಸುತ್ತಿದ್ದುದು ಕೂಡ ಬಹುಮಟ್ಟಿಗೆ ಇದನ್ನೇ.

ಒಳ್ಳೆಯ ತರಬೇತುದಾರರು ಎಲ್ಲಕ್ಕಿಂತ ಮೊದಲು ಕಲಿಸುವ ಪಾಠ ಬೀಳುವುದು. ಗದ್ದವನ್ನು ಎದೆಗೆ ಒತ್ತಿಕೊಂಡು, ಬೆನ್ನನ್ನು ದುಂಡಗೆ ಮಾಡಿ, ಕೈಯನ್ನು ಕಂಬದಂತೆ ನೆಟ್ಟಗೆ ಊರದೆ, ಭಾರವನ್ನು ಉರುಳುವಿಕೆಗೆ ಬಿಟ್ಟುಕೊಡಬೇಕು. ಮುಗ್ಗರಿಸಿದ ಮಗು ಸಹಜವಾಗಿಯೇ ಕೈ ನೆಟ್ಟಗೆ ಚಾಚುತ್ತದೆ. ಮಣಿಕಟ್ಟು, ಮೊಣಕೈಗಳ ಎಲುಬು ಮುರಿಯುವುದು ಹೆಚ್ಚಾಗಿ ಹೀಗೆಯೇ. ಬೀಳುವುದನ್ನು ನೂರು ಬಾರಿ ಅಭ್ಯಾಸ ಮಾಡಿದ ಮಗುವಿನ ದೇಹ ನಿಜವಾಗಿ ಬಿದ್ದಾಗ ಯೋಚಿಸುತ್ತಾ ಕೂರುವುದಿಲ್ಲ, ತಾನಾಗಿ ಉರುಳಿಕೊಳ್ಳುತ್ತದೆ. ಇದಕ್ಕಿಂತ ಮಿಗಿಲಾದುದೆಂದರೆ ಬೀಳುವ ಭಯ ಹೋಗುವುದು. ತಲೆ ಕೆಳಗಾಗಿ ಕೈಗಳ ಮೇಲೆ ನಿಲ್ಲಲು ಹತ್ತು ದಿನ ಪ್ರಯತ್ನಿಸಿ ಹನ್ನೊಂದನೆಯ ದಿನ ನಿಂತ ಮಗುವಿಗೆ ತನ್ನ ಬಗ್ಗೆ ಒಂದು ವಿಷಯ ತಿಳಿಯುತ್ತದೆ. ಅದನ್ನು ಯಾವ ಅಂಕಪಟ್ಟಿಯೂ ತಿಳಿಸಲಾರದು. ತಂಡದ ಆಟದಲ್ಲಿ ಹಿಂದೆ ನಿಲ್ಲುವ, ಚೆಂಡು ಯಾರೂ ಕೊಡದ ಮಗುವಿಗೂ ಇಲ್ಲಿ ಅದರದ್ದೇ ಸರದಿ ಇರುತ್ತದೆ.

ಇನ್ನು ಎಲುಬಿನ ವಿಷಯ. ಇದನ್ನು ಹೆತ್ತವರು, ವಿಶೇಷವಾಗಿ ಹೆಣ್ಣು ಮಕ್ಕಳ ಹೆತ್ತವರು ತುಸು ಗಮನವಿಟ್ಟು ಓದಬೇಕೆಂದು ವಿನಂತಿಸುತ್ತೇವೆ. ಎಲುಬು ಗಟ್ಟಿಯಾಗುವುದು ಹಾಲು ಕುಡಿಯುವುದರಿಂದ ಮಾತ್ರವಲ್ಲ, ಅದರ ಮೇಲೆ ಭಾರ ಬೀಳುವುದರಿಂದ. ಜಿಗಿದು ಇಳಿದಾಗ, ಕೈ ಊರಿ ಮೈ ಎತ್ತಿದಾಗ ಬೀಳುವ ಒತ್ತಡವೇ ಎಲುಬಿಗೆ ಖನಿಜ ತುಂಬಿಕೊಳ್ಳುವಂತೆ ಸೂಚನೆ ಕೊಡುತ್ತದೆ. ಜಿಮ್ನಾಸ್ಟಿಕ್ಸ್ ಅಭ್ಯಾಸ ಮಾಡುವ ಮಕ್ಕಳ ಎಲುಬು ಇತರ ಮಕ್ಕಳಿಗಿಂತ ಸಾಂದ್ರವಾಗಿರುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಹಾಗೆಯೇ, ವಯಸ್ಕ ದೇಹದಲ್ಲಿರುವ ಎಲುಬಿನ ಖನಿಜಾಂಶದ ಸುಮಾರು ಕಾಲು ಭಾಗ ಕೂಡಿಕೊಳ್ಳುವುದು ಹರೆಯದ ಬೆಳವಣಿಗೆ ಅತ್ಯಂತ ವೇಗವಾಗಿರುವ ಎರಡೇ ವರ್ಷಗಳಲ್ಲಿ. ಹೆಣ್ಣು ಮಕ್ಕಳಲ್ಲಿ ಇದು ಹೆಚ್ಚುಕಡಿಮೆ ಹನ್ನೊಂದರಿಂದ ಹದಿನಾಲ್ಕರ ನಡುವೆ ಬರುತ್ತದೆ. ಆ ವಯಸ್ಸಿನಲ್ಲಿ ನಾವೇನು ಮಾಡುತ್ತೇವೆ? 'ಇನ್ನು ನೀನು ದೊಡ್ಡವಳಾದೆ, ಓಡಬೇಡ, ಜಿಗಿಯಬೇಡ, ಒಳಗೆ ಕೂರು' ಎನ್ನುತ್ತೇವೆ. ಎಲುಬು ಜೀವನಪೂರ್ತಿಯ ಉಳಿತಾಯ ಮಾಡಿಕೊಳ್ಳುವ ಆ ಎರಡು ವರ್ಷಗಳಲ್ಲೇ ನಾವು ಅದರ ಖಾತೆಯನ್ನು ಮುಚ್ಚಿಬಿಡುತ್ತೇವೆ. ಐವತ್ತು ದಾಟಿದ ತಾಯಂದಿರು ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುವುದನ್ನು, ಬಚ್ಚಲಲ್ಲಿ ಜಾರಿದ ಅಜ್ಜಿಯರು ಸೊಂಟದ ಎಲುಬು ಮುರಿದುಕೊಂಡು ಹಾಸಿಗೆ ಹಿಡಿಯುವುದನ್ನು ವಿಧಿಲಿಖಿತವೆಂದು ಸಹಿಸಿಕೊಳ್ಳುತ್ತೇವೆ. ಅದರಲ್ಲಿ ವಿಧಿಯ ಪಾಲೆಷ್ಟು, ನಮ್ಮ ಪಾಲೆಷ್ಟು ಎಂದು ಕೇಳಿಕೊಳ್ಳುವುದಿಲ್ಲ.

ಉಡುಪಿನ ಪ್ರಶ್ನೆ ಬರುತ್ತದೆಂದು ನಮಗೆ ಗೊತ್ತು. ಮಲೇಷ್ಯಾದ ಫರಾಹ್ ಆನ್ ಅಬ್ದುಲ್ ಹಾದಿ 2015ರ ಆಗ್ನೇಯ ಏಷ್ಯಾ ಕ್ರೀಡಾಕೂಟದಲ್ಲಿ ಪದಕಗಳನ್ನು ಗೆದ್ದಾಗ ಅವರ ವರ್ಷಗಟ್ಟಲೆಯ ಪರಿಶ್ರಮಕ್ಕಿಂತ ಅವರ ಉಡುಪೇ ಚರ್ಚೆಗೆ ವಸ್ತುವಾಯಿತು. ಆದರೆ ಈ ಉಡುಪು ಕ್ರೀಡೆಯ ಅನಿವಾರ್ಯ ಅಂಗವಲ್ಲ. 2021ರಲ್ಲಿ ಜರ್ಮನಿಯ ಮಹಿಳಾ ಜಿಮ್ನಾಸ್ಟ್‌ಗಳು ಮೊದಲು ಬಾಸೆಲ್‌ನ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ, ಬಳಿಕ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕಣಕಾಲಿನವರೆಗೆ ಮುಚ್ಚುವ ಉಡುಪು ಧರಿಸಿ ಸ್ಪರ್ಧಿಸಿದರು. ಅವರು ಹಾಗೆ ಮಾಡಿದ್ದು ಧರ್ಮದ ಕಾರಣಕ್ಕಲ್ಲ, ಹೆಣ್ಣಿನ ದೇಹವನ್ನು ಪ್ರದರ್ಶನದ ವಸ್ತುವಾಗಿ ನೋಡುವುದನ್ನು ವಿರೋಧಿಸಿ. ನಿಯಮ ಅದಕ್ಕೆ ಮೊದಲಿನಿಂದಲೂ ಅವಕಾಶ ಕೊಟ್ಟಿತ್ತು. ಒಲಿಂಪಿಕ್ಸ್‌ನಲ್ಲೇ ಸಲ್ಲುವುದು ಮರಳೂರಿನ ಒಂದು ಸಭಾಂಗಣದಲ್ಲಿ ಸಲ್ಲದೇ? ಸಡಿಲವಾದ ಬಟ್ಟೆ ಸರಳಿಗೆ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಮೈಗೆ ಹೊಂದುವ ಪೂರ್ಣ ಉಡುಪು, ಹುಡುಗಿಯರಿಗೆ ಪ್ರತ್ಯೇಕ ಸಮಯ, ಮಹಿಳಾ ತರಬೇತುದಾರರು - ಇಷ್ಟಾದರೆ ಯಾವ ಹೆತ್ತವರಿಗೂ ಅಡ್ಡಿ ಹೇಳಲು ಕಾರಣ ಉಳಿಯದು.

ಧರ್ಮದ ಹೆಸರಿನಲ್ಲಿ ಆಟವನ್ನು ಅಲ್ಲಗಳೆಯುವವರು ಪ್ರವಾದಿ(ಸ)ರ ಜೀವನವನ್ನು ಇನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು. ಅವರು ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದ್ದರು. ಈದ್ ದಿನ ಮಸೀದಿಯಲ್ಲಿ ಅಬಿಸೀನಿಯನ್ನರು ಈಟಿಯೊಂದಿಗೆ ಕಸರತ್ತು ನಡೆಸಿದಾಗ ಅದನ್ನು ಆಯಿಶಾ(ರ)ರಿಗೆ ತೋರಿಸಿದ್ದರು. ಪಾಠದ ಬಳಿಕ ಮಗುವಿಗೆ ಆಟ ಕೊಡದೆ ಸದಾ ಓದಿಗೆ ದೂಡಿದರೆ ಅದರ ಮನಸ್ಸು ಸತ್ತು ಬುದ್ಧಿ ಮೊಂಡಾಗುತ್ತದೆ ಎಂಬರ್ಥದ ಎಚ್ಚರಿಕೆ ಕೊಟ್ಟವರು ಇಮಾಮ್ ಗಝಾಲಿ. ಅಷ್ಟಕ್ಕೂ ನಾವಾಡುವ ಕನ್ನಡವೇ ಇದಕ್ಕೆ ಸಾಕ್ಷಿ. ಅರಬಿಯಲ್ಲಿ ಶಿಕ್ಷಣ ಎಂಬ ಅರ್ಥವಿರುವ ಪದ ಕನ್ನಡಕ್ಕೆ ಬಂದು ತಾಲೀಮು ಆಯಿತು. ಗರಡಿಯ ವ್ಯಾಯಾಮವೂ ತಾಲೀಮು, ನಾಟಕದ ಅಭ್ಯಾಸವೂ ತಾಲೀಮು. ಮೈಯನ್ನು ಪಳಗಿಸುವುದನ್ನೂ ಶಿಕ್ಷಣವೆಂದೇ ತಿಳಿದಿದ್ದ ಜನ ನಾವು. ಇಂದು ತಾಲೀಮು ಎಂದರೆ ಪುಸ್ತಕ ಮಾತ್ರ ಎಂದುಕೊಂಡಿದ್ದೇವೆ.

ಹಣವೆಲ್ಲಿ, ಜಾಗವೆಲ್ಲಿ ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ತ್ರಿಪುರದ ಅಗರ್ತಲಾ ಉತ್ತರ ಕೊಡುತ್ತದೆ. ದೇಶದ ಒಂದು ಮೂಲೆಯಲ್ಲಿರುವ ಆ ನಗರಕ್ಕೆ 1960ರ ದಶಕದಲ್ಲಿ ಹರಿಯಾಣ ಮೂಲದ ದಲೀಪ್ ಸಿಂಗ್ ಎಂಬ ತರಬೇತುದಾರರು ಬಂದು ಮಕ್ಕಳನ್ನು ಒಟ್ಟುಗೂಡಿಸಿದರು. ಆ ಪರಂಪರೆಯಲ್ಲಿ ಬಂದವರೇ ದೀಪಾ ಕರ್ಮಾಕರ್. ಚಪ್ಪಟೆ ಪಾದದ ಆ ಹುಡುಗಿ ಆರನೇ ವಯಸ್ಸಿನಲ್ಲಿ ಅಭ್ಯಾಸ ಆರಂಭಿಸಿದಾಗ ಸರಿಯಾದ ಸಲಕರಣೆಗಳೇ ಇರಲಿಲ್ಲ. ಹಳೆಯ ಸ್ಕೂಟರಿನ ಬಿಡಿಭಾಗಗಳಿಂದ ಜಿಗಿಹಲಗೆ ಮಾಡಿಕೊಂಡಿದ್ದರೆಂದು ಪತ್ರಿಕೆಗಳು ವರದಿ ಮಾಡಿದ್ದವು. 2016ರ ರಿಯೋ ಒಲಿಂಪಿಕ್ಸ್‌ನ ವಾಲ್ಟ್ ವಿಭಾಗದಲ್ಲಿ ಅವರು ನಾಲ್ಕನೆಯವರಾದರು. ಕಂಚಿನ ಪದಕ ಕೈ ತಪ್ಪಿದ್ದು ಕೇವಲ 0.150 ಅಂಕಗಳಿಂದ. ತುಮಕೂರಿನ ಗ್ಯಾರೇಜುಗಳಲ್ಲಿ ಸ್ಕೂಟರಿನ ಬಿಡಿಭಾಗಗಳಿಗೆ ಕೊರತೆಯಿದೆಯೇ? ತಮಾಷೆಯ ಮಾತು ಬಿಡಿ. ಪುಟ್ಟ ಮಕ್ಕಳಿಗೆ ಅದೂ ಬೇಡ, ದಪ್ಪನೆಯ ಹಾಸು, ಒಂದು ಮರದ ದಿಮ್ಮಿ ಮತ್ತು ಗೋಡೆಗೆ ಭದ್ರವಾಗಿ ಕೂರಿಸಿದ ಸರಳು ಸಾಕು. ಹಾಸನ್ನು ಮಾತ್ರ ಉಳಿತಾಯದ ಹೆಸರಿನಲ್ಲಿ ಬಿಡುವಂತಿಲ್ಲ. ಬರಿಯ ಸಿಮೆಂಟಿನ ಮೇಲೆ ಪಲ್ಟಿ ಹೊಡೆಸುವವರಿಗೆ ಮಕ್ಕಳನ್ನು ಒಪ್ಪಿಸುವುದಕ್ಕಿಂತ ಮನೆಯಲ್ಲಿ ಕೂರಿಸುವುದೇ ಮೇಲು.

ಜಾಗದ ಬಗ್ಗೆ ಹೇಳುವುದಾದರೆ, ನಮ್ಮ ಊರುಗಳಲ್ಲಿ ಶಾದಿ ಮಹಲ್‌ಗಳಿಗೆ ಕೊರತೆಯಿಲ್ಲ. ಸರಕಾರದ ಅನುದಾನ ಮತ್ತು ಸಮುದಾಯದ ದೇಣಿಗೆಯಿಂದ ಕಟ್ಟಿದ ಈ ವಿಶಾಲ ಸಭಾಂಗಣಗಳು ಮದುವೆಯಿಲ್ಲದ ದಿನಗಳಲ್ಲಿ ಬೀಗ ಹಾಕಿಕೊಂಡು ನಿಂತಿರುತ್ತವೆ. ವಾರದಲ್ಲಿ ಮೂರು ಸಂಜೆ ಅಸರ್ ಮತ್ತು ಮಗ್ರಿಬ್‌ನ ನಡುವೆ ಅವುಗಳ ಬಾಗಿಲು ಮಕ್ಕಳಿಗೆ ತೆರೆದರೆ ಯಾರಿಗೇನು ನಷ್ಟ? ಜಾತಿ, ಮತ ನೋಡದೆ ನೆರೆಹೊರೆಯ ಎಲ್ಲ ಮಕ್ಕಳೂ ಅಲ್ಲಿಗೆ ಬರುವಂತಾದರೆ ಇನ್ನೂ ಒಳ್ಳೆಯದು. ಒಟ್ಟಿಗೆ ಬಿದ್ದು ಎದ್ದ ಮಕ್ಕಳನ್ನು ಒಡೆಯುವುದು ರಾಜಕಾರಣಿಗಳಿಗೆ ಅಷ್ಟು ಸುಲಭವಲ್ಲ. ಸರಕಾರವೂ ತನ್ನ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಆಟದ ಮೈದಾನ ಕಡ್ಡಾಯ ಎಂದಿದೆ. ನೂರಕ್ಕಿಂತ ಹೆಚ್ಚು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಗೆ ದೈಹಿಕ ಶಿಕ್ಷಣದ ಅರೆಕಾಲಿಕ ಬೋಧಕರು ಬೇಕೆಂದೂ ಹೇಳಿದೆ. ತಮ್ಮ ಮಕ್ಕಳ ಶಾಲೆಯಲ್ಲಿ ಇವೆರಡೂ ಇವೆಯೇ ಎಂದು ಪ್ರಶ್ನಿಸುವ ಹಕ್ಕು ಹೆತ್ತವರಿಗಿದೆ. 2012ರ ತಿದ್ದುಪಡಿಯಲ್ಲಿ ಮದ್ರಸಗಳನ್ನು ಈ ಕಾಯ್ದೆಯಿಂದ ಹೊರಗಿಡಲಾಯಿತು. ಅದರಿಂದ ಆಡಳಿತ ಮಂಡಳಿಗಳಿಗೆ ವಿನಾಯಿತಿ ಸಿಕ್ಕಿತೇ ಹೊರತು ಅಲ್ಲಿ ಓದುವ ಮಕ್ಕಳ ಬೆನ್ನೆಲುಬಿಗಲ್ಲ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ತುಮಕೂರಿನಲ್ಲಿ ಮಹಾತ್ಮಾ ಗಾಂಧಿ ಕ್ರೀಡಾಂಗಣವನ್ನೂ ಆ ಯೋಜನೆಯಡಿ ನವೀಕರಿಸಲಾಯಿತು. ಸಂತೋಷ. ಆದರೆ ಎಂಟು ವರ್ಷದ ಹುಡುಗಿ ಒಬ್ಬಳೇ ಮರಳೂರಿನಿಂದ ಅಲ್ಲಿಗೆ ಹೋಗಿ ಬರಲಾರಳು. ದಿನವೂ ಕರೆದೊಯ್ಯುವ ಬಿಡುವು ಆಟೋ ಓಡಿಸುವ ತಂದೆಗಿಲ್ಲ. ಮಕ್ಕಳ ಕ್ರೀಡೆ ಬಡಾವಣೆಯೊಳಗೆ, ನಡೆದು ಹೋಗುವಷ್ಟು ದೂರದಲ್ಲಿ ಇರಬೇಕು.

ಎರಡು ಆತಂಕಗಳಿಗೆ ಉತ್ತರಿಸಬೇಕಿದೆ. ಜಿಮ್ನಾಸ್ಟಿಕ್ಸ್ ಮಾಡಿದರೆ ಮಕ್ಕಳು ಕುಳ್ಳಗಾಗುತ್ತಾರೆ ಎಂಬುದು ಒಂದು. ಗಿಡ್ಡ ದೇಹದವರಿಗೆ ಈ ಕ್ರೀಡೆ ಒಲಿಯುವುದರಿಂದ ಮೇಲಿನ ಹಂತದಲ್ಲಿ ಅಂಥವರೇ ಉಳಿಯುತ್ತಾರೆ, ಅಷ್ಟೇ. ತರಬೇತಿಯಿಂದ ವಯಸ್ಕ ಎತ್ತರ ಕುಗ್ಗುವುದಿಲ್ಲ ಎಂಬ ತೀರ್ಮಾನಕ್ಕೆ 2013ರಲ್ಲಿ ತಜ್ಞರು ಬಂದಿದ್ದಾರೆ. ಇನ್ನೊಂದು ಆತಂಕ ಹಾಗೆ ತಳ್ಳಿ ಹಾಕುವಂಥದ್ದಲ್ಲ. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್ ಚಿಕಿತ್ಸೆಯ ಸೋಗಿನಲ್ಲಿ ವರ್ಷಾನುಗಟ್ಟಲೆ ಹೆಣ್ಣು ಮಕ್ಕಳ ಮೇಲೆ ದೌರ್ಜನ್ಯ ಎಸಗಿದ. 2018ರಲ್ಲಿ ಅವನಿಗೆ ಶಿಕ್ಷೆ ವಿಧಿಸುವಾಗ 150ಕ್ಕೂ ಹೆಚ್ಚು ಮಂದಿಯ ನೋವಿನ ಹೇಳಿಕೆಗಳು ನ್ಯಾಯಾಲಯದ ಮುಂದೆ ಬಂದವು. ಹೆಸರುವಾಸಿ ಸಂಸ್ಥೆ ಎಂಬ ನಂಬಿಕೆ ಮಕ್ಕಳನ್ನು ಕಾಯಲಿಲ್ಲ. ಆದ್ದರಿಂದ ತರಗತಿ ನಡೆಯುವ ಜಾಗದ ಬಾಗಿಲು ತೆರೆದಿರಬೇಕು, ತಾಯಂದಿರಿಗೆ ಕುಳಿತು ನೋಡುವ ಅವಕಾಶವಿರಬೇಕು, ತರಬೇತುದಾರರ ಅರ್ಹತೆಯನ್ನು ಕೇಳಿ ತಿಳಿದುಕೊಳ್ಳಬೇಕು. ನೋವಾಗುತ್ತಿದೆ ಎಂದು ಮಗು ಹೇಳಿದರೆ ನಂಬಬೇಕು.

ನಿಜವಾದ ಕೊರತೆಯಿರುವುದು ಮಹಿಳಾ ತರಬೇತುದಾರರದ್ದು. ನಮ್ಮ ಸಂಘಟನೆಗಳು ವರ್ಷವೂ ವಿದ್ಯಾರ್ಥಿವೇತನ ಹಂಚುತ್ತವೆ. ಹೆಚ್ಚಿನ ಪಾಲು ವೈದ್ಯಕೀಯ, ಇಂಜಿನಿಯರಿಂಗ್‌ಗೆ, ಉಳಿದುದು ಬಿ.ಎಡ್.ಗೆ ಹೋಗುತ್ತದೆ. ಬಿ.ಪಿ.ಎಡ್. ಓದಲು ಬಯಸುವ ಹೆಣ್ಣು ಮಗಳು ಅರ್ಜಿ ಹಾಕಿದರೆ ಸಮಿತಿಯ ಹಿರಿಯರು ಮುಖ ಮುಖ ನೋಡಿಕೊಳ್ಳುತ್ತಾರೆ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ತರಬೇತುದಾರರಿಗೆಂದೇ ಡಿಪ್ಲೊಮಾ ಶಿಕ್ಷಣವಿದೆ. ತುಮಕೂರಿನ ಜಮಾಅತ್‌ಗಳು ಒಂದಾಗಿ ಮುಂದಿನ ಸಾಲಿನ ವಿದ್ಯಾರ್ಥಿವೇತನದಲ್ಲಿ ಎರಡನ್ನಾದರೂ ಇದಕ್ಕೆ ಮೀಸಲಿಡಲಿ. ತರಬೇತಿ ಮುಗಿಸಿ ಬಂದವರು ಎರಡು ವರ್ಷ ಮರಳೂರಿನಂತಹ ಬಡಾವಣೆಯಲ್ಲಿ ಕಲಿಸಬೇಕೆಂಬ ಷರತ್ತನ್ನೂ ಹಾಕಲಿ. ಅಲ್ಲಿಯವರೆಗೆ ಶಾದಿ ಮಹಲ್‌ನ ಕೀಲಿ ಯಾರ ಬಳಿಯಿದೆ ಎಂದು ವಿಚಾರಿಸಿಡುವ ಕೆಲಸವನ್ನು ಹೆತ್ತವರು ಮಾಡಬಹುದು.