ಜರ್ಮನಿಯ ವಿಶ್ವವಿದ್ಯಾನಿಲಯಗಳೂ ನಮ್ಮ ವಿದ್ಯಾರ್ಥಿಗಳೂ

ಗಾಂಧಿಬಜಾರಿನ ಹೋಟೆಲುಗಳಲ್ಲಿಯೂ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿಯೂ ಚಾಮರಾಜಪೇಟೆಯ ಜಗುಲಿಗಳಲ್ಲಿಯೂ ಈಚೆಗೆ ಜರ್ಮನಿಯ ಊರುಗಳ ಹೆಸರು ಪದೇ ಪದೇ ಕೇಳಿಬರುತ್ತಿರುವುದನ್ನು ನಮ್ಮ ವಾಚಕರು ಬಲ್ಲರು. ಎಂಜಿನಿಯರಿಂಗ್ ಪರೀಕ್ಷೆಯನ್ನು ಮುಗಿಸಿದ ಹುಡುಗನಿಗೆ ಆಕೆನ್ ಮೇಲೋ, ಡ್ರೆಸ್ಡೆನ್ ಮೇಲೋ ಎಂದು ತಂದೆತಾಯಿಗಳು ವಿಚಾರಿಸುವುದು ಉಚಿತವೇ ಸರಿ. ಆದರೆ ವಿಚಾರಿಸುವ ಕ್ರಮವು ಸರಿಯಾಗಿದೆಯೆಂದು ನಾವು ಹೇಳಲಾರೆವು. ಪ್ರಪಂಚದ ವಿಶ್ವವಿದ್ಯಾನಿಲಯಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಅಂಕೆ ಹಚ್ಚುವ ಪಟ್ಟಿಯೊಂದನ್ನು ತೆರೆದು, ಮೇಲಿದ್ದುದು ಮೇಲು, ಕೆಳಗಿದ್ದುದು ಕೀಳು ಎಂದು ತೀರ್ಮಾನಿಸಿಬಿಡುವುದೇ ಪರಿಪಾಠವಾಗಿದೆ.

ಈ ಪಟ್ಟಿಗಳು ಜರ್ಮನಿಯ ಮಟ್ಟಿಗೆ ವಿಶೇಷವಾಗಿ ದಾರಿ ತಪ್ಪಿಸುವಂಥವು. ಆ ದೇಶದಲ್ಲಿ ಸಂಶೋಧನೆಯ ಗಣನೀಯವಾದ ಭಾಗವು ವಿಶ್ವವಿದ್ಯಾನಿಲಯಗಳ ಹೊರಗೆ, ಮ್ಯಾಕ್ಸ್ ಪ್ಲಾಂಕ್, ಫ್ರೌನ್‌ಹೋಫರ್ ಮೊದಲಾದ ಸಂಸ್ಥೆಗಳಲ್ಲಿ ನಡೆಯುತ್ತದೆ. ಆ ಕೀರ್ತಿಯು ಪಕ್ಕದಲ್ಲಿಯೇ ಇರುವ ವಿಶ್ವವಿದ್ಯಾನಿಲಯದ ಲೆಕ್ಕಕ್ಕೆ ಪೂರ್ಣವಾಗಿ ಸೇರುವುದಿಲ್ಲ. ಅದಲ್ಲದೆ ಫಾಖ್‌ಹೋಖ್‌ಶೂಲೆ ಎಂಬ ಬೇರೊಂದು ವರ್ಗದ ವಿದ್ಯಾಲಯಗಳು ಅಲ್ಲಿರುವುವು. ಕಾರ್ಖಾನೆಗಳಲ್ಲಿ ಹಲವು ವರ್ಷ ದುಡಿದವರೇ ಅಲ್ಲಿ ಪ್ರಾಧ್ಯಾಪಕರು. ಯಂತ್ರದ ಕೆಲಸವನ್ನು ಕೈಯಾರೆ ಕಲಿಯಬೇಕೆಂಬ ಹುಡುಗನಿಗೆ ಅದು ಅತ್ಯುತ್ತಮ. ಮುಂದೆ ಡಾಕ್ಟರೇಟಿಗೆ ಹೋಗಬೇಕೆಂಬವನಿಗೆ ವಿಶ್ವವಿದ್ಯಾನಿಲಯವೇ ಲೇಸು. ಈ ಭೇದವನ್ನು ಯಾವ ಪಟ್ಟಿಯು ತಿಳಿಸೀತು?

ಇನ್ನು ಖರ್ಚು. ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬಹುಮಟ್ಟಿಗೆ ಬೋಧನಶುಲ್ಕವಿಲ್ಲವೆಂಬುದು ನಿಜ. ಆದರೆ ಬಾಡೆನ್-ವ್ಯೂರ್ಟೆಂಬರ್ಗ್ ಸಂಸ್ಥಾನವು 2017ರಿಂದ ಯುರೋಪಿನ ಒಕ್ಕೂಟದ ಹೊರಗಿನವರಿಗೆ ಅರ್ಧವರ್ಷಕ್ಕೆ 1,500 ಯೂರೋಗಳನ್ನು ವಿಧಿಸಿದೆ. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾನಿಲಯವು 2024ರ ಚಳಿಗಾಲದಿಂದ ಸ್ನಾತಕೋತ್ತರ ತರಗತಿಗಳಿಗೆ ಅರ್ಧವರ್ಷಕ್ಕೆ 4,000 ಅಥವಾ 6,000 ಯೂರೋಗಳನ್ನು ಗೊತ್ತುಮಾಡಿತು. ವೀಸಾಕ್ಕಾಗಿ ವರ್ಷದ ಜೀವನವೆಚ್ಚವನ್ನು ಮುಂಗಡವಾಗಿ ಬ್ಯಾಂಕಿನಲ್ಲಿಟ್ಟು ತೋರಿಸಬೇಕಾಗಿದ್ದು, 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತವು 11,904 ಯೂರೋಗಳಿಗೆ ಏರಿತು. ಪುಕ್ಕಟೆ ವಿದ್ಯೆಯೆಂದು ನಂಬಿ ಹೊರಟ ಗುಮಾಸ್ತೆಯ ಮನೆಯವರಿಗೆ ಇದು ಸಣ್ಣ ಮಾತಲ್ಲ. ಅಂದ ಹಾಗೆ, ಕನ್ನಡ ನಿಘಂಟನ್ನು 1894ರಲ್ಲಿ ಪ್ರಕಟಿಸಿದ ಕಿಟ್ಟೆಲರಿಗೆ 1896ರಲ್ಲಿ ಗೌರವ ಡಾಕ್ಟರೇಟನ್ನಿತ್ತ ಟ್ಯೂಬಿಂಗೆನ್ ಇರುವುದೂ ಆ ಬಾಡೆನ್-ವ್ಯೂರ್ಟೆಂಬರ್ಗ್ ಸಂಸ್ಥಾನದಲ್ಲಿಯೇ. ಕನ್ನಡದ ಋಣವನ್ನು ನೆನೆದು ಕನ್ನಡಿಗರ ಮಕ್ಕಳಿಗೆ ಶುಲ್ಕವನ್ನು ಬಿಟ್ಟಾರೆಂದು ನಾವೇನೂ ಆಶಿಸುವುದಿಲ್ಲ!

ಇದೆಲ್ಲವನ್ನು ತಿಳಿಸಿಕೊಡುತ್ತೇವೆಂದು ಬೋರ್ಡು ತೂಗಹಾಕಿರುವ ಮಧ್ಯಸ್ಥರು ಬೀದಿಗೊಬ್ಬರಂತೆ ಇದ್ದಾರೆ. ಅವರಲ್ಲಿ ಪ್ರಾಮಾಣಿಕರಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಕಮಿಷನ್ ದೊರೆಯುವುದು ಸಾಮಾನ್ಯವಾಗಿ ಭಾರೀ ಶುಲ್ಕವನ್ನು ಕೀಳುವ ಖಾಸಗಿ ವಿದ್ಯಾಲಯಗಳಿಂದ. ಹೀಗಿರುವಾಗ ಶುಲ್ಕವಿಲ್ಲದ ಸರ್ಕಾರಿ ವಿದ್ಯಾಲಯದ ಹೆಸರು ಅವರ ಬಾಯಿಗೆ ಎಷ್ಟು ಸಲ ಬಂದೀತು? ಪಾಠವೆಲ್ಲ ಇಂಗ್ಲಿಷಿನಲ್ಲಿಯೇ ಎಂದು ಅವರು ಭರವಸೆ ಕೊಡುವರು. ಪಾಠ ಮುಗಿದ ಮೇಲೆ ಕೆಲಸ ಕೇಳಲು ಹೋದಾಗ ಜರ್ಮನ್ ಭಾಷೆ ಬೇಕಾಗುವುದನ್ನು ಅನೇಕರು ಹೇಳುವುದಿಲ್ಲ. ಸಾಲಕ್ಕೆ ಆಧಾರವಾಗಿ ಇಟ್ಟದ್ದು ಅಜ್ಜನು ಕಟ್ಟಿಸಿದ ಮನೆಯಾಗಿದ್ದರಂತೂ ಈ ಮೌನದ ಬೆಲೆಯನ್ನು ಹೇಳತೀರದು.

ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿಯೂ ಆಮೇಲೆ ಸೆಂಟ್ರಲ್ ಕಾಲೇಜಿನಲ್ಲಿಯೂ ಓದಿದ ಶ್ರೀಮಾನ್ ಸಿ. ಎನ್. ಆರ್. ರಾವ್ ಅವರಿಗೆ ಅಮೆರಿಕದ ಎಂ. ಐ. ಟಿ., ಕೊಲಂಬಿಯ, ಪೆನ್ ಸ್ಟೇಟ್, ಪರ್ಡ್ಯೂ ಈ ನಾಲ್ಕೂ ಕಡೆಗಳಿಂದ ಧನಸಹಾಯ ಸಹಿತವಾದ ಕರೆ ಬಂದಿದ್ದಿತು. ಹೆಸರನ್ನೇ ನೋಡಿದ್ದರೆ ಎಂ. ಐ. ಟಿ.ಯನ್ನು ಬಿಡುವವರುಂಟೆ? ಅವರು ಆರಿಸಿಕೊಂಡುದು ಪರ್ಡ್ಯೂವನ್ನು. 1958ರಲ್ಲಿ ಡಾಕ್ಟರೇಟನ್ನು ಪಡೆದು, ಮರುವರ್ಷವೇ ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಅಧ್ಯಾಪಕರಾಗಿ ಬಂದರು. ಅವರಿಗೆ 2014ರಲ್ಲಿ ಭಾರತರತ್ನ ಸಂದಿತು. ಅವರಷ್ಟು ಪ್ರತಿಭೆ ಎಲ್ಲರಿಗೂ ಇರಬೇಕೆಂದಿಲ್ಲ. ಆದರೆ ಯಾರ ಕೈಕೆಳಗೆ ಏನನ್ನು ಕಲಿಯುವೆನು ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳಬಹುದು.

ಸೆಂಟ್ರಲ್ ಕಾಲೇಜಿನ ಆವರಣದಲ್ಲಿರುವ ಬೆಂಗಳೂರು ನಗರ ವಿಶ್ವವಿದ್ಯಾನಿಲಯವು ಈ ಕೆಲಸಕ್ಕೆ ಕೈ ಹಾಕಬೇಕೆಂದು ನಾವು ಒತ್ತಾಯಿಸುತ್ತೇವೆ. ವಿದೇಶಗಳ ಪಾಠಕ್ರಮ, ಶುಲ್ಕ, ಭಾಷೆಯ ನಿರ್ಬಂಧ ಇವನ್ನು ವರ್ಷವರ್ಷವೂ ತಿದ್ದಿ ಕನ್ನಡದಲ್ಲಿ ಅಚ್ಚುಮಾಡಿಸಿ, ಅಲ್ಲಿಂದ ಹಿಂದಿರುಗಿದವರನ್ನು ವಾರಕ್ಕೊಂದು ಸಂಜೆ ಕೂರಿಸಿ, ಬಂದ ತಂದೆತಾಯಿಗಳಿಗೆ ಕಾಸು ಕೇಳದೆ ಉತ್ತರ ಹೇಳಿಸುವುದಕ್ಕೆ ಒಂದು ಕೊಠಡಿಯೂ ಇಬ್ಬರು ನೌಕರರೂ ಸಾಕು. ಮುಂದಿನ ಬೇಸಗೆಯ ಅರ್ಜಿಗಳ ಕಾಲಕ್ಕೆ ಮುಂಚೆಯೇ ಇದು ಆಗಬೇಕು.